ಇಲ್ಲ ಎನ್ನಲಾರದವರ ದಾನ

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಮ್ಮ ಹಿರಿಯರು ಹೇಳುತ್ತಾರೆ. ‘ದಾನದ ಮಹತ್ವ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಿಸಿದಾಗಲೆಲ್ಲ ಹತ್ತರಲ್ಲಿ ಎಂಟು ಮಕ್ಕಳು ಈ ಮಾತಿನಿಂದಲೇ ಆರಂಭಿಸುತ್ತಾರೆ. ಕರ್ಣ, ಶಿಬಿ, ಬಲಿ ಚಕ್ರವರ್ತಿ ಸಾಲಾಗಿ ಬರುತ್ತಾರೆ. ತಿದ್ದುವ ನಾವೂ ಅಂಕ ಹಾಕಿ ಮುಂದೆ ಹೋಗುತ್ತೇವೆ. ಕೊಡುವವರ ಬಗ್ಗೆ ಇಷ್ಟೆಲ್ಲ ಬರೆಯುವ ನಾವು ಕೇಳುವವರ ಬಗ್ಗೆ ಯೋಚಿಸುವುದು ಮಾತ್ರ ಕಡಿಮೆ. ಯಾರನ್ನು ಕೇಳುತ್ತೇವೆ, ಹೇಗೆ ಕೇಳುತ್ತೇವೆ ಎಂಬುದರ ಮೇಲೂ ದಾನ ನಿಂತಿದೆ ಎಂದು ಅರ್ಥಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದಾರೆ. ಭಾಷೆ ಕಲಿಸುವವರಿಗೆ ಅರ್ಥಶಾಸ್ತ್ರದ ಉಸಾಬರಿ ಏಕೆ ಎಂದು ಕೇಳಬೇಡಿ, ಕಾರಣ ಮುಂದೆ ಬರುತ್ತದೆ.

ಅಮೆರಿಕದ ಶಿಕಾಗೋ ನಗರದ ಆಸುಪಾಸಿನಲ್ಲಿ ಮನೆ ಮನೆಗೆ ಹೋಗಿ ದತ್ತಿ ಸಂಸ್ಥೆಗೆ ಹಣ ಕೇಳುವ ಒಂದು ಪ್ರಯೋಗ ನಡೆಯಿತು. ಸ್ಟೆಫಾನೋ ಡೆಲ್ಲಾವಿನ್ಯಾ, ಜಾನ್ ಲಿಸ್ಟ್, ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಮೂವರು ಅದರ ಫಲಿತಾಂಶವನ್ನು 2012ರಲ್ಲಿ ಪ್ರಕಟಿಸಿದರು. ಕೆಲವು ಮನೆಗಳಿಗೆ ಮೊದಲೇ ತಿಳಿಸದೆ ಹೋದರು. ಕೆಲವು ಮನೆಗಳ ಬಾಗಿಲಿಗೆ ಹಿಂದಿನ ದಿನವೇ ‘ನಾಳೆ ಇಷ್ಟು ಹೊತ್ತಿಗೆ ಬರುತ್ತೇವೆ’ ಎಂಬ ಚೀಟಿ ಸಿಕ್ಕಿಸಿದರು. ಇನ್ನು ಕೆಲವು ಚೀಟಿಗಳಲ್ಲಿ ‘ನಮಗೆ ತೊಂದರೆ ಕೊಡಬೇಡಿ’ ಎಂದು ಗುರುತು ಹಾಕಲು ಒಂದು ಚೌಕವನ್ನೂ ಇಟ್ಟಿದ್ದರು. ಏನಾಯಿತು ಗೊತ್ತೇ? ಚೀಟಿ ನೋಡಿದ ಮನೆಗಳಲ್ಲಿ ಬಾಗಿಲು ತೆರೆಯುವವರು ಶೇ. 9ರಿಂದ 25ರಷ್ಟು ಕಡಿಮೆಯಾದರು. ಚೌಕ ಇದ್ದಲ್ಲಿ ದಾನ ಕೊಡುವವರೇ ಶೇ. 28ರಿಂದ 42ರಷ್ಟು ಕಡಿಮೆಯಾದರು. ಕಡಿಮೆಯಾದದ್ದು ಹೆಚ್ಚಾಗಿ ಹತ್ತು ಡಾಲರ್‌ಗಿಂತ ಸಣ್ಣ ದಾನಗಳು. ಅಂದರೆ ಬಾಗಿಲಲ್ಲಿ ನಿಂತವರ ಮುಖ ನೋಡಿ ‘ಇಲ್ಲ’ ಎನ್ನಲಾರದೆ ಕೊಡುತ್ತಿದ್ದವರು ಸಾಕಷ್ಟು ಮಂದಿ ಇದ್ದರು. ಆ ಹಣದಿಂದಲೂ ಯಾರಿಗೋ ಉಪಕಾರವಾಗಿರುತ್ತದೆ, ನಿಜ. ಆದರೆ ಅದನ್ನು ಔದಾರ್ಯವೆನ್ನಬೇಕೋ ದಾಕ್ಷಿಣ್ಯವೆನ್ನಬೇಕೋ? ನಮ್ಮ ಕನ್ನಡದಲ್ಲಿ ‘ದಾಕ್ಷಿಣ್ಯಕ್ಕೆ ಬಸಿರಾಗುವುದು’ ಎಂಬ ಒರಟು ಮಾತೊಂದಿದೆ. ದೊಡ್ಡವರಿಗೆ ಅದು ಗೊತ್ತು, ಮಕ್ಕಳಿಗೆ ಸದ್ಯಕ್ಕೆ ಬೇಡ.

ಇಲ್ಲಿ ಕೊಲ್ಲಿ ರಾಷ್ಟ್ರದಲ್ಲಿ ಅನುಮತಿಯಿಲ್ಲದೆ ಮನೆ ಮನೆಗೆ ಹೋಗಿ ಹಣ ಎತ್ತುವಂತಿಲ್ಲ. ಹಾಗಾಗಿ ನಮ್ಮ ಶಾಲೆಯಲ್ಲಿ ನಾವು ಹೆಚ್ಚಾಗಿ ಕೇಳುವುದು ಹಣವನ್ನಲ್ಲ, ಸಮಯವನ್ನು. ವಾರ್ಷಿಕೋತ್ಸವಕ್ಕೆ ವೇದಿಕೆ ಅಲಂಕರಿಸಬೇಕು, ಅತಿಥಿಗಳಿಗೆ ಹೂಗುಚ್ಛ ಕೊಡಬೇಕು, ಪುಟ್ಟ ಮಕ್ಕಳ ವೇಷಭೂಷಣ ನೋಡಿಕೊಳ್ಳಬೇಕು, ಎಲ್ಲ ಮುಗಿದ ಮೇಲೆ ಕುರ್ಚಿ ಜೋಡಿಸಿ ಕಸ ಹೆಕ್ಕಬೇಕು. ‘ಯಾರು ಬರುತ್ತೀರಿ?’ ಎಂದು ತರಗತಿಯಲ್ಲಿ ಕೇಳಿ ನೋಡಿ. ಮೊದಲು ಮೌನ. ಆಮೇಲೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತುತ್ತಾಳೆ. ಯಾರೂ ಎತ್ತದಿದ್ದರೆ ನಾವೇ ಒಬ್ಬಳ ಹೆಸರು ಕರೆಯುತ್ತೇವೆ. ‘ಪರವಾಗಿಲ್ಲ ಟೀಚರ್, ಮಾಡ್ತೇನೆ’ ಎನ್ನುತ್ತಾಳೆ. ಶಿಕ್ಷಕರ ಕೊಠಡಿಯಲ್ಲೂ ಇದೇ ಕಥೆ. ಸಭೆಯ ನಡಾವಳಿ ಬರೆಯುವವರು, ಬೀಳ್ಕೊಡುಗೆಗೆ ಕೇಕ್ ತರಿಸುವವರು ಯಾರೆಂದು ಹೇಳಬೇಕಾಗಿಲ್ಲ. ಭಾಷಾ ಶಿಕ್ಷಕಿಯರಾದ ನಮಗಂತೂ ನಿರೂಪಣೆ, ಸ್ವಾಗತ ಭಾಷಣ, ಕರಡು ತಿದ್ದುವುದು ಹುಟ್ಟಿನಿಂದಲೇ ಬಂದ ಹಕ್ಕು ಎಂಬಂತಾಗಿದೆ.

ಇದನ್ನೇ ಲಿಂಡಾ ಬ್ಯಾಬ್ಕಾಕ್, ಮರಿಯಾ ರೆಕಾಲ್ಡೆ, ಲಿಸೆ ವೆಸ್ಟರ್‌ಲಂಡ್, ಲಾರಿ ವೈನ್‌ಗಾರ್ಟ್ ಎಂಬ ನಾಲ್ವರು ಮಹಿಳೆಯರು ಪಿಟ್ಸ್‌ಬರ್ಗ್‌ನಲ್ಲಿ ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಮೂರು ಮೂರು ಜನರ ಗುಂಪು, ಪ್ರತಿಯೊಬ್ಬರ ಮುಂದೆ ಒಂದು ಕಂಪ್ಯೂಟರ್. ಎರಡು ನಿಮಿಷದೊಳಗೆ ಗುಂಪಿನಲ್ಲಿ ಒಬ್ಬರು ಗುಂಡಿ ಒತ್ತಬೇಕು. ಒತ್ತಿದವರಿಗೆ 1.25 ಡಾಲರ್, ಸುಮ್ಮನೆ ಕುಳಿತ ಇಬ್ಬರಿಗೆ ತಲಾ 2 ಡಾಲರ್. ಯಾರೂ ಒತ್ತದಿದ್ದರೆ ಎಲ್ಲರಿಗೂ 1 ಡಾಲರ್ ಮಾತ್ರ. ಕೆಲಸ ಆಗಲೇಬೇಕು, ಆದರೆ ಮಾಡಿದವರಿಗೇ ಕಡಿಮೆ! ಹೆಣ್ಣು ಗಂಡು ಸೇರಿದ ಗುಂಪುಗಳಲ್ಲಿ ಮಹಿಳೆಯರು ಶೇ. 48ರಷ್ಟು ಹೆಚ್ಚಾಗಿ ಗುಂಡಿ ಒತ್ತಿದರು. ಹೆಣ್ಣುಮಕ್ಕಳ ಸ್ವಭಾವವೇ ಹಾಗೆ ಎನ್ನುವ ಮೊದಲು ಮುಂದಿನದನ್ನೂ ಓದಬೇಕು. ಗುಂಪಿನಲ್ಲಿ ಬರೀ ಗಂಡಸರೇ ಇದ್ದಾಗ ಅವರೂ ಬರೀ ಹೆಂಗಸರ ಗುಂಪಿನಷ್ಟೇ ಸಲೀಸಾಗಿ ಗುಂಡಿ ಒತ್ತಿದರು! ಮಾಡಲು ಬರುವುದಿಲ್ಲವೆಂದಲ್ಲ, ಪಕ್ಕದಲ್ಲಿ ಹೆಣ್ಣಿದ್ದರೆ ಅವಳು ಮಾಡುತ್ತಾಳೆ ಎಂಬ ನಂಬಿಕೆ, ಅಷ್ಟೇ. ಗುಂಪಿನಲ್ಲಿ ಒಬ್ಬರನ್ನು ಆರಿಸಿ ‘ನೀವು ಒತ್ತಿ’ ಎಂದು ಕೇಳುವ ಅವಕಾಶವನ್ನು ಬೇರೊಬ್ಬರಿಗೆ ಕೊಟ್ಟಾಗ ಮಹಿಳೆಯರಿಗೆ ಶೇ. 44ರಷ್ಟು ಹೆಚ್ಚು ಕೋರಿಕೆ ಬಂತು. ಹಾಗೆ ಕೇಳಿದವರಲ್ಲಿ ಹೆಂಗಸರೂ ಇದ್ದರು. ಕೇಳಿಸಿಕೊಂಡ ಮಹಿಳೆಯರಲ್ಲಿ ಶೇ. 76 ಮಂದಿ ಒಪ್ಪಿದರು, ಗಂಡಸರಲ್ಲಿ ಶೇ. 51.

ಇದು ಕೇವಲ ಗುಂಡಿಯ ಆಟವಲ್ಲ. ಸಮಿತಿಯ ಕೆಲಸ, ನಡಾವಳಿ, ಸಮಾರಂಭದ ಓಡಾಟ ಯಾವುದೂ ಬಡ್ತಿಯ ಹೊತ್ತಿಗೆ ಲೆಕ್ಕಕ್ಕೆ ಬರುವುದಿಲ್ಲ. ಅಷ್ಟು ಹೊತ್ತು ತನ್ನ ಸ್ವಂತ ಕೆಲಸ ಮಾಡಿದವನು ಮುಂದೆ ಹೋಗಿರುತ್ತಾನೆ. ಕಚೇರಿಗಳಲ್ಲಿ ಹೆಣ್ಣು ಗಂಡಿನ ನಡುವಿನ ಅಂತರಕ್ಕೆ ಕಾರಣಗಳು ಹಲವು. ಇದೂ ಅವುಗಳಲ್ಲಿ ಒಂದು ಎಂಬುದು ಆ ನಾಲ್ವರ ವಾದ. ಆಸ್ಪತ್ರೆ, ಬ್ಯಾಂಕುಗಳಲ್ಲಿ ದುಡಿಯುವ ತಾಯಂದಿರು ಇದನ್ನು ಓದಿ ನಕ್ಕರೆ ನಮಗೆ ಆಶ್ಚರ್ಯವಿಲ್ಲ.

ಹೆಣ್ಣುಮಕ್ಕಳಿಗೆ ‘ಆಗಲ್ಲ’ ಎನ್ನಲು ಕಲಿಸಿದರಾಯಿತು ಎಂದು ಸಭೆಯೊಂದರಲ್ಲಿ ತಂದೆಯೊಬ್ಬರು ಹೇಳಿದರು. ಅಷ್ಟರಿಂದ ಆಗುವುದಿಲ್ಲ. ಮೆಡಲಿನ್ ಹೈಲ್‌ಮನ್ ಮತ್ತು ಜೂಲಿ ಚೆನ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಹಾಯ ಮಾಡಿದ ಗಂಡಸಿಗೆ ಮೆಚ್ಚುಗೆ ಸಿಕ್ಕಿತು, ಹೆಂಗಸಿಗೆ ಸಿಗಲಿಲ್ಲ. ಸಹಾಯ ಮಾಡದ ಹೆಂಗಸಿನ ಬೆಲೆ ಇಳಿಯಿತು, ಗಂಡಸಿನದು ಇಳಿಯಲಿಲ್ಲ. ಕೈ ಎತ್ತಿದವರಿಗೆ ಬಹುಮಾನ ಕೊಡಿ ಎಂಬುದು ಇನ್ನೊಬ್ಬರ ಸಲಹೆ. ಇಸ್ರೇಲಿನಲ್ಲಿ ಯೂರಿ ಗ್ನೀಜಿ ಮತ್ತು ಆಲ್ಡೋ ರುಸ್ಟಿಕಿನಿ ದೇಣಿಗೆ ಸಂಗ್ರಹಿಸುವ ಹೈಸ್ಕೂಲು ಮಕ್ಕಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಂಗ್ರಹದ ಶೇ. 1ರಷ್ಟು ಸಂಭಾವನೆ ಸಿಗುತ್ತದೆ ಎಂದು ಹೇಳಿಸಿಕೊಂಡ ಮಕ್ಕಳು ಏನೂ ಸಿಗದ ಮಕ್ಕಳಿಗಿಂತ ಕಡಿಮೆ ಹಣ ತಂದರು. ಶೇ. 10 ಕೊಟ್ಟರೂ ಬಿಟ್ಟಿ ದುಡಿದವರನ್ನು ಮೀರಲಿಲ್ಲ. ನಮ್ಮ ಅಂಟುಚೀಟಿಯ ನಕ್ಷತ್ರ, ಪ್ರಶಸ್ತಿಪತ್ರಗಳ ಬಗ್ಗೆ ಅಂದಿನಿಂದ ನಮಗೆ ಸ್ವಲ್ಪ ಅನುಮಾನ.

ಬದಲಾಗಬೇಕಾದವರು ಕೇಳುವವರು, ಅಂದರೆ ನಾವು. ‘ಯಾರು ಬರುತ್ತೀರಿ’ ಎಂಬ ಪ್ರಶ್ನೆಯನ್ನೇ ಬಿಟ್ಟು ಹಾಜರಿ ಪಟ್ಟಿಯ ಸರದಿಯಂತೆ ಕೆಲಸ ಹಂಚಬೇಕು, ಇಲ್ಲವೇ ಚೀಟಿ ಎತ್ತಬೇಕು. ಸ್ವಇಚ್ಛೆಯ ಸೇವೆಗೆ ಇದರಿಂದ ಕುಂದು ಎನ್ನುವವರಿದ್ದಾರೆ. ಮನಸ್ಸಿದ್ದವರು ತಮ್ಮ ಸರದಿ ಮುಗಿದ ಮೇಲೂ ಉಳಿಯಬಹುದು, ಅವರನ್ನು ಯಾರೂ ತಡೆಯುವುದಿಲ್ಲ. ಪಾಲಕರು ಮನೆಯಲ್ಲೂ ಒಂದು ವಾರ ಲೆಕ್ಕ ಇಡಬಹುದು: ನೆಂಟರು ಬಂದಾಗ ನೀರು ಕೊಡಲು ಎಷ್ಟು ಸಲ ಮಗಳನ್ನು ಕರೆದಿರಿ, ಎಷ್ಟು ಸಲ ಮಗನನ್ನು?

ಈ ವರ್ಷ ಎಂಟನೇ ತರಗತಿಯಲ್ಲಿ ಚೀಟಿ ಎತ್ತಿ ನೋಡಿದೆವು. ರಂಗೋಲಿ ಇಬ್ಬರು ಹುಡುಗರ ಪಾಲಿಗೆ ಬಂತು. ಗೆರೆ ಸ್ವಲ್ಪ ಸೊಟ್ಟಗಿತ್ತು, ಅತಿಥಿಗಳು ದಾಟಿಕೊಂಡೇ ಹೋದರು. ಈ ಸಂಚಿಕೆಯ ಕನ್ನಡ ಪುಟಗಳ ಕರಡು ತಿದ್ದುವುದಕ್ಕೆ ಮಾತ್ರ ಚೀಟಿ ಎತ್ತಲಾಗಲಿಲ್ಲ. ಡಬ್ಬಿಯಲ್ಲಿ ಇದ್ದದ್ದು ನಮ್ಮ ಹೆಸರೊಂದೇ.