ನಾಯಿ ಕೇಳಿದರೆ ಏಳು ಪುಟದ ಅರ್ಜಿ

ನೀರಾವರಿ ಇಲಾಖೆಯಲ್ಲಿ 32 ವರ್ಷ ಇಂಜಿನಿಯರ್ ಆಗಿದ್ದು ನಿವೃತ್ತನಾದವನು ನಾನು. ಸೇವೆಯಲ್ಲಿದ್ದಾಗ ರೈತರನ್ನು ಅರ್ಜಿ ಹಿಡಿದು ಅಲೆದಾಡಿಸಿದವರಲ್ಲಿ ನಾನೂ ಒಬ್ಬ. ಕಳೆದ ಚಳಿಗಾಲದಲ್ಲಿ ಒಂದು ನಾಯಿಗಾಗಿ ನಾನೇ ಅರ್ಜಿ ಹಿಡಿದು ಅಲೆದೆ.

ಹದಿಮೂರು ವರ್ಷ ಜೊತೆಗಿದ್ದ ನಮ್ಮ ನಾಯಿ ತೀರಿಕೊಂಡಿತ್ತು. ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಮುಧೋಳ ಇಲ್ಲೇ ಐತಲ್ರಿ ಸಾಹೇಬ್ರ, ಒಂದು ಜಾತಿ ನಾಯಿ ಮರಿ ತರ್ರಿ." ಮುಧೋಳದ ತಳಿಯ ಬಗ್ಗೆ ನನಗೂ ಅಭಿಮಾನವಿದೆ. ಘೋರ್ಪಡೆ ಅರಸರು ಪೋಷಿಸಿದ ತಳಿ ಅದು, 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಆದರೆ 'ಜಾತಿ ನಾಯಿ' ಎಂಬ ಮಾತು ಯಾಕೋ ಚುಚ್ಚಿತು. ಮನುಷ್ಯರಲ್ಲಿ ಹುಟ್ಟನ್ನು ಕೇಳಬಾರದೆಂದು ವೇದಿಕೆ ಹತ್ತಿ ಹೇಳುವ ನಾವು, ನಾಯಿಯ ಅಪ್ಪ ಅಮ್ಮ ಯಾರೆಂದು ವಿಚಾರಿಸಿ ತರಬೇಕೆ? ಬೀದಿಯಿಂದ ಬಂದದ್ದನ್ನೇ ಸಾಕೋಣವೆಂದು ಬೆಳಗಾವಿಯ ಒಂದು ಆಶ್ರಯಧಾಮಕ್ಕೆ ಹೋದೆವು.

ಅಲ್ಲೊಂದು ಕಪ್ಪು ಹೆಣ್ಣು ನಾಯಿ. ಕಿವಿಯ ತುದಿ ಕತ್ತರಿಸಿತ್ತು, ಅಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮುಗಿದಿದೆ ಎಂದರ್ಥ. ಜಾಲರಿಯ ಆಚೆಯಿಂದ ನನ್ನ ಹೆಂಡತಿಯ ಕೈ ಮೂಸಿ ಅಲ್ಲೇ ಕೂತಿತು. ಆಯ್ಕೆ ನಾವು ಮಾಡಿದ್ದಲ್ಲ.

ಅರ್ಜಿ ಏಳು ಪುಟ. ಕಂಪೌಂಡಿನ ಎತ್ತರ, ಗೇಟಿನ ಫೋಟೊ, ಪಿಂಚಣಿ, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು ಎಲ್ಲವನ್ನೂ ಬರೆದೆ. ಮನೆ ನೋಡಲು ಬರುತ್ತೇವೆಂದವರು ಗೋಕಾಕ ಫಾಲ್ಸ್ ದೂರವಾಯಿತೆಂದು ಮೂರು ಸಲ ಮುಂದೂಡಿದರು. ಕೊನೆಗೆ ವಿಡಿಯೊ ಕರೆಯಲ್ಲಿ ಅಡುಗೆಮನೆಯನ್ನೂ ತೋರಿಸಿದ್ದಾಯಿತು. "ಮಾಂಸ ಹಾಕ್ತೀರೇನ್ರಿ?" ಎಂದರು. ನಮ್ಮ ಮನೆಯಲ್ಲಿ ಬೇಯಿಸುವುದಿಲ್ಲ, ರೊಟ್ಟಿ, ಹಾಲು, ಅನ್ನದ ಜೊತೆ ಪಶುವೈದ್ಯರು ಹೇಳಿದ ಆಹಾರ ತಂದು ಹಾಕುತ್ತೇವೆ ಎಂದೆ. ಆ ಪ್ರಶ್ನೆ ತಪ್ಪಲ್ಲ. ನಮ್ಮ ಶೀಲ ನಮಗೆ, ನಾಯಿಗೆ ಅದರ ಹೊಟ್ಟೆಗೆ ತಕ್ಕದ್ದು ಬೇಕು.

ನನ್ನಾಕೆ ಮಾತ್ರ ಕರೆ ಮುಗಿದ ಮೇಲೆ, "ನನ್ನ ನಿಮಗ ಕೊಡೋ ಮುಂದ ನಮ್ಮಪ್ಪ ಇಷ್ಟ ಕೇಳಿರಲಿಲ್ರಿ" ಎಂದಳು.

ಆರು ವಾರದ ಮೇಲೆ ಮೊಬೈಲಿಗೆ ಎರಡು ಸಾಲಿನ ಉತ್ತರ ಬಂತು. ನನಗೆ 66 ವರ್ಷ, ಮಕ್ಕಳು ಪುಣೆಯಲ್ಲಿ, ಆದ್ದರಿಂದ ಕೊಡಲಾಗದು. ಕೆಳಗೆ ಕೈಮುಗಿದ ಚಿತ್ರ.

ಅವರ ಭಯ ನನಗೆ ಅರ್ಥವಾಗದೆ ಇಲ್ಲ. ಮರಿಯಿದ್ದಾಗ ಮುದ್ದಾಡಿ ಒಯ್ದು, ಬೆಳೆದ ಮೇಲೆ ಘಟಪ್ರಭಾ ಸೇತುವೆಯ ಬಳಿ ಬಿಟ್ಟುಹೋಗುವವರನ್ನು ನಾನೇ ಕಂಡಿದ್ದೇನೆ. ಮಳೆಗಾಲದಲ್ಲಿ ಜಲಪಾತ ನೋಡಲು ಬಂದವರು ಎಸೆದ ಮಿರ್ಚಿ, ಗಿರ್ಮಿಟ್ ತಿಂದು ಕೊಬ್ಬುವ ನಾಯಿಗಳು ನೀರು ಇಳಿದ ಮೇಲೆ ಎಲುಬು ಬಿಟ್ಟುಕೊಂಡು ತಿರುಗುತ್ತವೆ. ವಿಚಾರಿಸಿಯೇ ಕೊಡಬೇಕು. ಆದರೆ ಸುರಕ್ಷತೆಗೆಂದು ಸೇತುವೆಗೆ ಹತ್ತು ಪಟ್ಟು ಉಕ್ಕು ಹಾಕಿ ಎಂದರೆ ಸೇತುವೆಯೇ ಆಗುವುದಿಲ್ಲ, ಜನ ಈಜಿಯೇ ದಾಟಬೇಕು. ಇಲ್ಲಿ ಈಜುತ್ತಿರುವುದು ಪಂಜರದಲ್ಲಿರುವ ಆ ಕರಿ ನಾಯಿ.

ಈಗ ಈ ಮಾತಿಗೆ ತುರ್ತು ಇದೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು, ಪ್ರಾಣಿಪ್ರಿಯರು ಬೀದಿ ನಾಯಿಗಳನ್ನು ದತ್ತು ಕೇಳಿ ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದು, ಅವು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಆಶ್ರಯಧಾಮಕ್ಕೆ ಸಾಗಿಸಲು ಹೇಳಿತು. ಒಳಗೆ ಬರುವ ಬಾಗಿಲು ಅಗಲವಾಗಿ, ಹೊರಗೆ ಹೋಗುವ ಬಾಗಿಲು ಹೀಗೆ ಕಿರಿದಾದರೆ ಯಾವ ಜಲಾಶಯವಾದರೂ ತುಂಬಿ ಹರಿಯುತ್ತದೆ.

ಮುದುಕರಿಗೆ ಮರಿ ಬೇಡ, ಏಳೆಂಟು ವರ್ಷದ ನಾಯಿ ಕೊಡಲಿ. ನಮ್ಮ ನಂತರ ನೋಡಿಕೊಳ್ಳುವವರ ಸಹಿ ಪಡೆಯಲಿ. ಕೊಡುವ ಮುಂಚೆ ಕೇಳುವುದನ್ನು ಅರ್ಧ ಮಾಡಿ, ಕೊಟ್ಟ ಮೇಲೆ ಮೂರು ತಿಂಗಳಿಗೊಮ್ಮೆ ಬಂದು ನೋಡಲಿ. ನಮ್ಮ ಮಠಗಳಿಗೂ ತೋಟಗಳಿವೆ, ದಾಸೋಹ ಮುಗಿದ ಮೇಲೆ ಉಳಿದ ಅನ್ನವಿದೆ, ಕಾಯುವ ಆಳುಗಳಿದ್ದಾರೆ. ಲಸಿಕೆ ಹಾಕಿಸಿದ ಎರಡೆರಡು ನಾಯಿಗಳನ್ನು ಪ್ರತಿ ಮಠದ ತೋಟ ಒಪ್ಪಿಕೊಂಡರೆ ಯಾರ ಶೀಲವೂ ಕೆಡದು. ಪೂಜ್ಯರು ಮನಸ್ಸು ಮಾಡಬೇಕು.

ಘಟಪ್ರಭಾದಲ್ಲಿರುವ ತಮ್ಮನ ಮಗನ ಸಹಿ ಹಾಕಿಸಿ, ಅದೇ ಕರಿ ನಾಯಿಗಾಗಿ ಎರಡನೆಯ ಅರ್ಜಿ ಕಳಿಸಿದ್ದೇನೆ. ಈ ಸಲ ಎಂಟು ಪುಟವಾಯಿತು.