ಓಡೋ ಹುಡುಗಿ ಸೋಮಾರಿಯಲ್ಲ, ರಕ್ತ ನೋಡಿ!

ಬೆಳಗಿನ ಮೊದಲ ಬಸ್ಸಿಗೆ ಹೊರಡುವವರೆಲ್ಲ ನೋಡಿದ್ದೀರಿ. ಇನ್ನೂ ಬೆಳಕು ಹರಿದಿರುವುದಿಲ್ಲ, ರಸ್ತೆ ಬದಿಯಲ್ಲಿ ಹುಡುಗ ಹುಡುಗಿಯರು ಓಡುತ್ತಿರುತ್ತಾರೆ. ಒಬ್ಬರಿಗೆ ದಸರಾ ಕ್ರೀಡಾಕೂಟ, ಇನ್ನೊಬ್ಬರಿಗೆ ಪೊಲೀಸ್ ಕೆಲಸ, ಮತ್ತೊಬ್ಬರಿಗೆ ಮಿಲಿಟರಿ. ಸಂತೋಷ. ಆದರೆ ನಾಲ್ಕಾರು ತಿಂಗಳಲ್ಲಿ ಕೆಲವರು, ಅದರಲ್ಲೂ ಹುಡುಗಿಯರು, ಹಿಂದೆ ಬೀಳುತ್ತಾರೆ. ಏದುಸಿರು, ತಲೆಸುತ್ತು, ಕಾಲು ಎಳೆಯೋದು. ಆಗ ಕೋಚ್ ಹೇಳೋದೇನು? "ಸೋಮಾರಿತನ ಬಿಡು, ಇನ್ನೂ ಎರಡು ರೌಂಡ್ ಹಾಕು!"

ಬಹಳ ಸಲ ಇದು ಸೋಮಾರಿತನವಲ್ಲ ಸ್ವಾಮಿ, ಕಬ್ಬಿಣದ ಕೊರತೆ.

ಉಸಿರಿನ ಆಮ್ಲಜನಕ ಕಾಲಿನ ಮಾಂಸಖಂಡ ಮುಟ್ಟಬೇಕಾದರೆ ರಕ್ತದಲ್ಲಿ ಕಬ್ಬಿಣ ಬೇಕು. ದೊಡ್ಡವರ ಇಡೀ ಮೈಯಲ್ಲಿರೋದೇ 3-4 ಗ್ರಾಂ. ಊಟದಿಂದ ದಿನಕ್ಕೆ ಒಳಗೆ ಸೇರೋದು 1-2 ಮಿಲಿಗ್ರಾಂ. ಅಂಗಡಿ ಲೆಕ್ಕದಲ್ಲಿ ದಾಸ್ತಾನು ಕಡಿಮೆ, ಆವಕ ಇನ್ನೂ ಕಡಿಮೆ.

ದೂರ ಓಡುವವರಿಗೆ ಖರ್ಚು ಜಾಸ್ತಿ. ಗಟ್ಟಿ ನೆಲಕ್ಕೆ ಪಾದ ಬಡಿದು ಬಡಿದು ಅಂಗಾಲಿನಲ್ಲಿ ಒಂದಷ್ಟು ಕೆಂಪು ರಕ್ತಕಣ ಒಡೆಯುತ್ತವೆ. ದೂರ ನಡೆದ ಸೈನಿಕನ ಮೂತ್ರ ಕೆಂಪಗಾದದ್ದನ್ನು ಜರ್ಮನಿಯ ವೈದ್ಯರೊಬ್ಬರು 1881ರಲ್ಲೇ ಬರೆದಿಟ್ಟಿದ್ದಾರೆ. ಬೆವರಿನಲ್ಲಿ ಸ್ವಲ್ಪ, ಕರುಳಿನಿಂದ ಸ್ವಲ್ಪ ನಷ್ಟ. ಹುಡುಗಿಯರಿಗೆ ತಿಂಗಳ ಮುಟ್ಟು ಬೇರೆ.

ಸಾಲದ್ದಕ್ಕೆ ಆವಕಕ್ಕೂ ತಡೆ. ಲಿವರ್ ತಯಾರಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು ಕರುಳಿನ ಚೆಕ್‌ಪೋಸ್ಟ್ ಇದ್ದ ಹಾಗೆ. ಅದು ಏರಿದರೆ ಕಬ್ಬಿಣ ಒಳಗೆ ಬರೋದು ಕಡಿಮೆ. ಜೋರು ಓಟ ಮುಗಿದ 3ರಿಂದ 6 ಗಂಟೆ ಹೊತ್ತಿಗೆ ಅದು ಏರುತ್ತೆ. ಬೆಳಗ್ಗೆ ಓಡಿ, ಬರೀ ಟೀ ಕುಡಿದು, ಮಧ್ಯಾಹ್ನ ಸೊಪ್ಪಿನ ಸಾರು ಉಂಡರೆ ಲಾಭ ಅಷ್ಟಕ್ಕಷ್ಟೆ. ಓಟ ಮುಗಿದ ಅರ್ಧ ಗಂಟೆಯೊಳಗೆ ರಾಗಿ, ಹುರುಳಿ, ಸೊಪ್ಪು ಹೊಟ್ಟೆಗೆ ಬೀಳಲಿ, ಮೇಲೆ ನಿಂಬೆಹಣ್ಣು ಹಿಂಡಲಿ. ತಿನ್ನೋರಿಗೆ ಮಾಂಸವಂತೂ ಇನ್ನೂ ಒಳ್ಳೇದು. ಕಾಫಿ, ಟೀ ಊಟದ ಜೊತೆ ಬೇಡ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಇದ್ದವರು ದೇಶದಲ್ಲಿ ನೂರಕ್ಕೆ 57, ಕರ್ನಾಟಕದಲ್ಲಿ ಸುಮಾರು 48. ಓಡೋಕೆ ಮೊದಲೇ ಅರ್ಧ ಸೋತಿರುವ ಹುಡುಗಿಗೆ ಇನ್ನೂ ಎರಡು ರೌಂಡ್ ಅಂದರೆ ಯಾವ ನ್ಯಾಯ?

ಹಿಮೋಗ್ಲೋಬಿನ್ 12 ಇದೆ ಅಂತ ಸುಮ್ಮನಾಗುವಂತಿಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಕಾಸಿದ್ದೂ ಗೋದಾಮು ಖಾಲಿ ಇರಬಹುದು. ಗೋದಾಮಿನ ಲೆಕ್ಕ ಹೇಳೋದು ಫೆರಿಟಿನ್ ಪರೀಕ್ಷೆ. ಹಾಗಂತ ಮೆಡಿಕಲ್ ಶಾಪಿಗೆ ಹೋಗಿ ತಾವೇ ಕಬ್ಬಿಣದ ಮಾತ್ರೆ ನುಂಗೋದೂ ತಪ್ಪು. ಅತಿಯಾದ ಕಬ್ಬಿಣ ಲಿವರ್‌ಗೂ ಹೃದಯಕ್ಕೂ ಕೆಟ್ಟದ್ದು. ಮೊದಲು ಪರೀಕ್ಷೆ, ಆಮೇಲೆ ಡಾಕ್ಟರು ಹೇಳಿದಂತೆ ಮಾತ್ರೆ.

ಪಿ.ಟಿ. ಮೇಷ್ಟ್ರುಗಳೂ ಕ್ರೀಡಾ ಇಲಾಖೆಯವರೂ ಇದನ್ನು ಗಮನಿಸಲಿ. ತರಬೇತಿ ಶುರುವಿಗೊಂದು, ನಡುವೆ ಒಂದು ರಕ್ತ ಪರೀಕ್ಷೆ ಕಡ್ಡಾಯವಾಗಲಿ. ಕ್ರೀಡಾಕೂಟಕ್ಕೆ ಕಪ್, ಬನಿಯನ್, ಬ್ಯಾನರ್ ಕೊಡುವ ವರ್ತಕ ಬಂಧುಗಳಿಗೂ ಒಂದು ಮಾತು: ಈ ವರ್ಷ ಒಂದು ಕಪ್ ಕಡಿಮೆ ಮಾಡಿ, ಆ ದುಡ್ಡಲ್ಲಿ ಊರಿನ ಓಟಗಾರ್ತಿಯರ ರಕ್ತ ಪರೀಕ್ಷೆ ಮಾಡಿಸಿ. ಗೆದ್ದವಳಿಗೆ ಕಪ್ ಕೊಡೋದು ಆಮೇಲೆ ನೋಡೋಣ.