ನಮಸ್ಕರಿಸುವಾಗ ಪಾದವನ್ನೂ ನೋಡಿರಿ

ಕಳೆದ ಸಂಕ್ರಾಂತಿಯಂದು ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು ನಮಸ್ಕರಿಸಲು ಬಾಗಿದಾಗ, ನಾನು ಅರಿವಿಲ್ಲದೆಯೇ ಪಾದಗಳನ್ನು ಪಂಚೆಯೊಳಗೆ ಸರಿಸಿಕೊಂಡೆ. ಚಳಿಗೆ ಹಿಮ್ಮಡಿಗಳು ಒಡೆದಿದ್ದವು. ನನ್ನ ತಾಯಿಯೂ ಹೀಗೆಯೇ, ನೆಂಟರು ಬಂದರೆ ಸೀರೆಯ ಅಂಚನ್ನು ಕೆಳಗೆಳೆದು ಹಿಮ್ಮಡಿ ಮುಚ್ಚಿಕೊಳ್ಳುತ್ತಿದ್ದರು.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅಂಗಾಲಿನ ಚರ್ಮದಲ್ಲಿ ಜಿಡ್ಡು ಸ್ರವಿಸುವ ಗ್ರಂಥಿಗಳೇ ಇಲ್ಲ. ಬಹಳ ಹೊತ್ತು ನಿಲ್ಲುವವರಲ್ಲಿ, ಬರಿಗಾಲಿನಲ್ಲಿ ನಡೆಯುವವರಲ್ಲಿ ಆ ಚರ್ಮ ಒಣಗಿ ಗಡುಸಾಗುತ್ತದೆ; ಮೈಭಾರ ಬಿದ್ದಾಗ ಹಿಗ್ಗಲಾರದೆ ಸೀಳುತ್ತದೆ. ಸುಶ್ರುತ ಸಂಹಿತೆಯು ಇದನ್ನು ‘ಪಾದದಾರಿ’ ಎಂದು ಕರೆದು, ಹೆಚ್ಚು ನಡೆದಾಡುವವರಿಗೆ ಬರುವುದೆಂದು ಹೇಳಿ, ಕ್ಷುದ್ರರೋಗಗಳ ಸಾಲಿನಲ್ಲಿ ಸೇರಿಸಿದೆ.

ಆದರೆ ಎಲ್ಲರ ಪಾಲಿಗೂ ಇದು ಕ್ಷುದ್ರವಲ್ಲ. ನನ್ನ ಅಕ್ಕನಿಗೆ ಮಧುಮೇಹವಿತ್ತು. ಗಡುಸಾದ ಚರ್ಮವನ್ನು ಬ್ಲೇಡಿನಿಂದ ಹೆರೆಯುವುದು ಅವಳ ರೂಢಿ. ಒಮ್ಮೆ ಆಳವಾಗಿ ತಾಗಿತು. ಸ್ಪರ್ಶಜ್ಞಾನ ಕುಂದಿದ್ದ ಕಾಲಿಗೆ ನೋವೇ ತಿಳಿಯಲಿಲ್ಲ. ನೆಲದ ಮೇಲಿನ ರಕ್ತದ ಕಲೆಯನ್ನು ಕಂಡು ಮೊಮ್ಮಗಳು ಕೂಗಿಕೊಂಡಾಗಲೇ ಗೊತ್ತಾದದ್ದು. ಆ ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು. ಪ್ರತಿ ಹಬ್ಬಕ್ಕೂ ನಾವೆಲ್ಲ ಆ ಪಾದಗಳಿಗೆ ನಮಸ್ಕರಿಸಿದವರೇ. ಕಣ್ಣಿಟ್ಟು ನೋಡಿದವರು ಒಬ್ಬರೂ ಇರಲಿಲ್ಲ.

ಆರೈಕೆ ಕಷ್ಟವೇನಲ್ಲ. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲಿಟ್ಟು, ಹಿಮ್ಮಡಿ ಉಜ್ಜುವ ಕಲ್ಲಿನಿಂದ ಮೃದುವಾಗಿ ಉಜ್ಜಬೇಕು. ಬಿರುಕಿನಲ್ಲಿ ರಕ್ತವಿದ್ದರೆ ಉಜ್ಜುವುದು ಬೇಡ. ನೀರೊರೆಸಿ, ಚರ್ಮದ ತೇವ ಆರುವ ಮೊದಲೇ ವ್ಯಾಸಲಿನ್ ಅಥವಾ ಯೂರಿಯಾ ಇರುವ ಮುಲಾಮನ್ನು ಹಚ್ಚಿ, ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಬೇಕು. ಹಗಲಿನಲ್ಲಿ ಹಿಮ್ಮಡಿಯನ್ನು ಹಿಡಿದಿಡುವ ಪಾದರಕ್ಷೆ ಒಳ್ಳೆಯದು. ಒಂದೆರಡು ದಿನಕ್ಕೆ ಗುಣ ಕಾಣದು. ಕೆಲವು ವಾರಗಳ ತಾಳ್ಮೆ ಬೇಕು.

ಮಧುಮೇಹಿಗಳು ಮಾತ್ರ ಕಾಲನ್ನು ನೆನೆಸಿಡಬಾರದು. ಬ್ಲೇಡನ್ನಾಗಲಿ, ಆಣಿಗೆ ಹಚ್ಚುವ ಆಮ್ಲದ ಪಟ್ಟಿಯನ್ನಾಗಲಿ ಮುಟ್ಟಬಾರದು. ಮುಲಾಮನ್ನು ಬೆರಳುಗಳ ಸಂದಿಗೆ ಬಿಟ್ಟು ಉಳಿದೆಡೆ ಹಚ್ಚಬಹುದು. ವರ್ಷಕ್ಕೊಮ್ಮೆಯಾದರೂ ವೈದ್ಯರಲ್ಲಿ ಪಾದ ಪರೀಕ್ಷೆ ಮಾಡಿಸಬೇಕು. ಸಣ್ಣ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ತಾಗಿಸಿ ಸ್ಪರ್ಶಜ್ಞಾನವನ್ನು ಅವರು ಅಳೆಯುತ್ತಾರೆ. ಬಿರುಕಿನಿಂದ ಕೀವು ಬಂದರೆ, ಕೆಂಪಾಗಿ ಊದಿದರೆ ಅಂದೇ ತೋರಿಸಬೇಕು.

ಹಿರಿಯರು ತಾವಾಗಿ ಹೇಳುವುದಿಲ್ಲ. ಬಾಗಿ ಅಂಗಾಲನ್ನು ನೋಡಿಕೊಳ್ಳಲು ಸೊಂಟ ಒಪ್ಪದು, ಕಣ್ಣೂ ಮಂಜು. ಆದುದರಿಂದ ನನ್ನ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಒಂದೇ ಕೋರಿಕೆ: ಮುಂದಿನ ಬಾರಿ ಮನೆಯ ಹಿರಿಯರಿಗೆ ನಮಸ್ಕರಿಸುವಾಗ ಆ ಪಾದಗಳನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿರಿ. ಅವರು ಎಳೆದುಕೊಂಡರೂ ಬಿಡಬೇಡಿರಿ. ನಾನೂ ಇನ್ನು ಪಂಚೆಯೊಳಗೆ ಸರಿಸಿಕೊಳ್ಳುವುದಿಲ್ಲ.